ಗ್ರಹಣದ ಸಂಜೆ ದಿಬ್ಬ ಹತ್ತಿದ ನೀರು

2022ರಲ್ಲಿ ನಾನು ನಮ್ಮ ಜಿಲ್ಲೆಯ ಒಂದು ಊರಿನ ಸ್ಥಳೀಯ ಸಂಸ್ಥೆಯಲ್ಲಿ ನೀರು ಸರಬರಾಜು ನೋಡಿಕೊಳ್ಳುವ ಇಂಜಿನಿಯರ್ ಆಗಿದ್ದೆ. ನಿವೃತ್ತಿ ಹತ್ತಿರದಲ್ಲೇ ಇತ್ತು. ಊರು ಯಾವುದೆಂದು ಮಾತ್ರ ಹೇಳುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕರಲ್ಲೂ ಕೆಲಸ ಮಾಡಿದವನು ನಾನು. ನಾಲ್ಕೂ ಕಡೆ ನೆಂಟರಿದ್ದಾರೆ, ಇನ್ನೂ ಮದುವೆ ಊಟಕ್ಕೆ ಹೋಗಬೇಕು. ಹೊಸದುರ್ಗದವರು ಇದನ್ನು ಓದಿ ಹೊಳಲ್ಕೆರೆ ಕಥೆ ಎನ್ನಲಿ, ಹೊಳಲ್ಕೆರೆಯವರು ಹಿರಿಯೂರಿನದು ಎನ್ನಲಿ. ನನಗೇನೂ ಅಡ್ಡಿಯಿಲ್ಲ.

ಆ ವರ್ಷ ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದಿತ್ತು. ತಾತಂದಿರ ಕಾಲದಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಆಗಲೇ. ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಯಿತು. ನಮ್ಮ ಸದಸ್ಯರೂ ಕಾರು ಮಾಡಿಕೊಂಡು ಹೋಗಿ, ಸೆಲ್ಫಿ ತೆಗೆದುಕೊಂಡು, ದಾರಿಯಲ್ಲಿ ಮಿರ್ಚಿ ತಿಂದು ಬಂದರು. ಆ ಉತ್ಸಾಹ ಆರುವ ಮೊದಲೇ ಸಭೆ ಸೇರಿ, ಪ್ರಯೋಗಕ್ಕೆಂದು ಒಂದು ವಾರ್ಡಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಕೊಡುವುದೆಂದು ತೀರ್ಮಾನಿಸಿಬಿಟ್ಟರು. ಪೈಪ್‌ಲೈನು ಯಾವುದೋ ಹಳೆಯ ಯೋಜನೆಯಲ್ಲಿ ಹಾಕಿದ್ದು, ವಾರಕ್ಕೊಂದು ದಿನ ಬಿಟ್ಟರೆ ಮಣ್ಣೊಳಗೆ ಸುಮ್ಮನೆ ಮಲಗಿರುತ್ತಿತ್ತು. ಆರಿಸಿದ್ದು ದಿಬ್ಬದ ವಾರ್ಡನ್ನು. ದೀಪಾವಳಿ ಕಳೆದ ಮೇಲಿನ ಸಭೆಯಲ್ಲಿ ಪ್ರಯೋಗ ಗೆದ್ದಿತೋ ಸೋತಿತೋ ಎಂದು ನೋಡುವುದು. ಸೋತರೆ ಮತ್ತೆ ಹಳೆಯ ಪದ್ಧತಿ, ವಾರಕ್ಕೊಂದು ಸಲ ನೀರು, ಅದೂ ವಾಲ್ವ್ ತಿರುಗಿಸುವವನ ದಯೆಯಿಂದ.

ದಿಬ್ಬದ ವಾರ್ಡ್ ಎಂದರೆ ಒಂದೇ ಉದ್ದನೆಯ ಏರು ಬೀದಿ. ಅದರ ತುತ್ತತುದಿಯಲ್ಲಿ ರುದ್ರಮ್ಮನವರ ಖಾನಾವಳಿ. ಬ್ಯಾಂಕಿನ ಹುಡುಗರು, ಕಾಲೇಜಿನ ಮೇಷ್ಟ್ರುಗಳು, ನನ್ನಂಥ ಹೆಂಡತಿಯನ್ನು ದುರ್ಗದಲ್ಲಿ ಬಿಟ್ಟು ಬಂದ ನೌಕರರು ಅಲ್ಲಿ ಉಣ್ಣುತ್ತಿದ್ದೆವು. ಮುದ್ದೆ, ಸೊಪ್ಪಿನ ಸಾರು, ವಾರಕ್ಕೊಮ್ಮೆ ರೊಟ್ಟಿ ಎಣ್ಣೆಗಾಯಿ. ಊಟಕ್ಕೆ ಕೂತಾಗ ಆಕೆಯೇ ಚೊಂಬು ಹಿಡಿದು ಬಂದು ಕೈಗೆ ನೀರು ಹಾಕುತ್ತಿದ್ದರು. ಮೊದಲ ದಿನ ನಾನು ಅದನ್ನು ಗೌರವ ಅಂದುಕೊಂಡೆ. ಆಮೇಲೆ ತಿಳಿಯಿತು, ಅದು ಕಾವಲು. ಬೆರಳು ಒದ್ದೆಯಾದ ಕೂಡಲೇ ಚೊಂಬು ನೆಟ್ಟಗಾಗುತ್ತಿತ್ತು. ಆ ಮನೆ ಕಟ್ಟಿದಾಗಿನಿಂದ ಪೈಪಿನಲ್ಲಿ ಒಂದು ಹನಿಯೂ ಬಂದಿರಲಿಲ್ಲ. ವಯಸ್ಸಾದ ಮಂಡಿ ಹಿಡಿದುಕೊಂಡು ಕೆಳಗಿನಿಂದ ಹೊತ್ತು ತರಬೇಕು, ಇಲ್ಲವೇ ಟ್ಯಾಂಕರ್‌ನವನ ಕೈಕಾಲು ಹಿಡಿಯಬೇಕು.

ಪ್ರಯೋಗದ ಸುದ್ದಿ ಕೇಳಿ ಆಕೆ ನನ್ನ ತಟ್ಟೆಗೆ ತುಪ್ಪ ಹಾಕಲಿಲ್ಲ, ಪ್ರಶ್ನೆ ಹಾಕಿದರು.

"ನಿಜ ಹೇಳ್ರಿ ಇಂಜಿನಿಯರ್ರೇ, ನೀರು ಇಲ್ಲಿಗಂಟ ಹತ್ತತೈತೋ ಇಲ್ವೋ? ಹತ್ತಲ್ಲ ಅಂದ್ರೆ ಹಬ್ಬ ಮುಗಿಸಿ ಬಾಗಿಲು ಹಾಕ್ಕಂಡು ಮಗಳ ಮನೆಗೆ ಹೋಗ್ತೀನಿ. ಇನ್ನು ನನ್ ಕೈಲಿ ಆಗಲ್ಲ."

ಹತ್ತುತ್ತದೆ ಎಂದೆ. ಲೆಕ್ಕದ ಪ್ರಕಾರ ಹತ್ತಲೇಬೇಕಿತ್ತು. ಓವರ್‌ಹೆಡ್ ಟ್ಯಾಂಕ್ ಆಕೆಯ ಮನೆಗಿಂತ ಸಾಕಷ್ಟು ಎತ್ತರದಲ್ಲಿದೆ, ಪೈಪು ತುಂಬಿ ನಿಂತರೆ ಪ್ರೆಷರ್ ತಾನಾಗಿ ನೀರನ್ನು ಮೇಲಕ್ಕೆ ನೂಕುತ್ತದೆ.

ಪೈಪು ತುಂಬಿ ನಿಲ್ಲಬೇಕಲ್ಲ, ಅಲ್ಲೇ ಇತ್ತು ತಮಾಷೆ. ಮೊದಲ ದಿನ ಪೂಜೆ ಮಾಡಿ, ಕಾಯಿ ಒಡೆದು ನೀರು ಬಿಟ್ಟೆವು. ಮಧ್ಯಾಹ್ನದ ಊಟದ ಹೊತ್ತಿಗೆ ಟ್ಯಾಂಕ್ ಖಾಲಿ. ಎಲ್ಲೋ ಪೈಪು ಒಡೆದಿರಬೇಕೆಂದು ನಾನು ಬೀದಿಯುದ್ದಕ್ಕೂ ನಡೆದು ನೋಡಿದೆ. ಎಲ್ಲೂ ಒಡೆದಿರಲಿಲ್ಲ. ಬೀದಿಯ ಒಂದು ಮನೆಗೂ ನಲ್ಲಿಯೇ ಇರಲಿಲ್ಲ!

ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. ವಾರಕ್ಕೊಮ್ಮೆ ನೀರು ಬರುವ ಊರಲ್ಲಿ ನಲ್ಲಿ ಎನ್ನುವುದು ಅಡ್ಡಿ. ಅದಿದ್ದರೆ ನೀರು ಸಣ್ಣಗೆ ಬರುತ್ತದೆ. ಅದಕ್ಕೆ ಜನ ನಲ್ಲಿ ಬಿಚ್ಚಿ, ಮನೆ ಮುಂದೆ ಗುಂಡಿ ತೋಡಿ, ಬರೀ ಪೈಪು ಬಿಟ್ಟುಕೊಂಡಿರುತ್ತಾರೆ. ಅದರ ಬಾಯಿಗೆ ಒಂದು ಖಾಲಿ ತಗಡಿನ ಡಬ್ಬ. ನೀರು ಬಂದ ಕೂಡಲೇ ಡಬ್ಬ ಸದ್ದು ಮಾಡುತ್ತದೆ, ಮನೆಯವರು ಎದ್ದು ಓಡಿ ಬರುತ್ತಾರೆ. ಹಾಗಾಗಿ ನಮ್ಮ ವಾರ್ಡಿನಲ್ಲಿ ನೀರಿಗೆ ಬಾಗಿಲು ಸದಾ ತೆರೆದೇ ಇರುತ್ತಿತ್ತು. ಇಪ್ಪತ್ನಾಲ್ಕು ಗಂಟೆ ನೀರು ಬಿಟ್ಟರೆ ಇಪ್ಪತ್ನಾಲ್ಕು ಗಂಟೆಯೂ ಚರಂಡಿಗೆ.

ಸರಿ, ಕಚೇರಿಯಿಂದಲೇ ಮನೆಮನೆಗೂ ಹೊಸ ನಲ್ಲಿ ಹಾಕಿಸಿಕೊಟ್ಟೆ. ಎರಡು ದಿನ ಬಿಟ್ಟು ಹೋಗಿ ನೋಡುತ್ತೇನೆ, ಮತ್ತೆ ಬರೀ ಪೈಪು. ಎಲ್ಲಿ ಹೋದವು ಎಂದರೆ, ಇಷ್ಟು ಚೆಂದದ ನಲ್ಲಿ ಬೀದಿಯಲ್ಲಿಟ್ಟರೆ ಕಳ್ಳರು ಕಿತ್ತುಕೊಂಡು ಹೋಗುತ್ತಾರೆಂದು ಬಿಚ್ಚಿ ಒಳಗಿಟ್ಟಿದ್ದರು. ಕೆಲವರದು ಟ್ರಂಕಿನಲ್ಲಿತ್ತು. ಒಬ್ಬ ಅಜ್ಜಿ ದೇವರ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದ್ದರು. ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ಇನ್ನೊಂದು ಮನೆಯಲ್ಲಿ ಹಂಡೆ, ಕೊಡ, ಪಾತ್ರೆ ಎಲ್ಲ ತುಂಬಿಸಿಟ್ಟು, ಮರುದಿನ ಹೊಸ ನೀರು ಬಂತೆಂದು ನಿನ್ನೆಯದನ್ನು ಬೀದಿಗೆ ಚೆಲ್ಲುತ್ತಿದ್ದರು. ನಿನ್ನೆಯ ನೀರು ಹಳೇ ನೀರಂತೆ. ಇದೇ ಜನ ಹಿಂದೆ ವಾರದ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದವರು.

ಆಟೋಗೆ ಮೈಕ್ ಕಟ್ಟಿಸಿ ಕೂಗಿಸಿದೆ, ನೀರು ನಿಲ್ಲುವುದಿಲ್ಲ, ದಯವಿಟ್ಟು ನಲ್ಲಿ ನಿಲ್ಲಿಸಿ ಎಂದು. ಆಟೋ ದಿಬ್ಬ ಹತ್ತುವಷ್ಟರಲ್ಲಿ ನೀರು ನಿಂತಿತ್ತು. ಎಲ್ಲರೂ ಪೈಪು ತೆರೆದಿಟ್ಟಿದ್ದಕ್ಕೇ ನಿಂತದ್ದು. ನಿಂತದ್ದನ್ನು ನೋಡಿ, ಇವರ ಮಾತು ಯಾವತ್ತು ನಿಜವಾಗಿತ್ತು ಎಂದು ಮತ್ತೆ ತೆರೆದಿಟ್ಟರು. ಈ ಸುಳಿಯಿಂದ ಹೊರಬರುವ ದಾರಿ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ವಾರ್ಡಿನ ಸದಸ್ಯ ತಿಪ್ಪೇಸ್ವಾಮಿ ಸಭೆಯಲ್ಲಿ ಕೈಯೆತ್ತಿದ್ದನೇ ಹೊರತು ಒಳಗೊಳಗೇ ಕಂಗಾಲಾಗಿದ್ದ. ಅಲ್ಲಿಯವರೆಗೆ ಬೆಳಗಾದರೆ ಅವನ ಫೋನು ಬಡಿದುಕೊಳ್ಳುತ್ತಿತ್ತು. ಅಣ್ಣಾ, ಮನೇಲಿ ನಾಮಕರಣ ಐತೆ, ಒಂಚೂರು ನೀರು ಬಿಡಿಸಣ್ಣಾ. ಅವನು ವಾಲ್ವ್‌ಮನ್ ಓಬಳೇಶನಿಗೆ ಫೋನ್ ಮಾಡುತ್ತಿದ್ದ, ನೀರು ಬರುತ್ತಿತ್ತು, ನಾಮಕರಣದ ಊಟಕ್ಕೆ ಇಬ್ಬರಿಗೂ ಕರೆ ಬರುತ್ತಿತ್ತು. ನೀರು ತಾನಾಗಿ ಬಂದರೆ ಇವರನ್ನು ಯಾರು ಕರೆಯುತ್ತಾರೆ? "ಸಾರ್, ಜನಕ್ಕೆ ಒಗ್ತಾ ಇಲ್ಲ ಬಿಡ್ರಿ, ಮುಂದಿನ ಸಭೇಲಿ ಕೈಬಿಡಾಣ" ಎಂದು ನನಗೆ ಬಹಳ ದುಃಖದಿಂದ ಹೇಳಿದ. ಅವನ ಮುಖದಲ್ಲಿ ಅಷ್ಟೊಂದು ಸಂತೋಷ ನಾನು ಹಿಂದೆಂದೂ ನೋಡಿರಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬ ಬಂತು. ಬೀದಿಯವರೆಲ್ಲ ಹಂಡೆ ತೊಳೆದು ಸುಣ್ಣ ಬಳಿದು, ಹೂ ಸುತ್ತಿ ತುಂಬಿಸಿದರು. ಟ್ಯಾಂಕ್ ಮತ್ತೆ ಬರಿದು. ರುದ್ರಮ್ಮನವರು ಮಾತ್ರ ಟ್ಯಾಂಕರ್ ನೀರಲ್ಲಿ ಹಬ್ಬ ಮಾಡಿದರು. ಊಟಕ್ಕೆ ಹೋದಾಗ ದೊಡ್ಡ ಪಾತ್ರೆಗಳನ್ನು ಊರು ಬಿಡುವವರ ಹಾಗೆ ಬೋರಲು ಹಾಕಿ ಕಟ್ಟಿಟ್ಟಿದ್ದರು. ಆಕೆ ಎಂದಿನಂತೆ ಕೈಗೆ ನೀರು ಹಾಕಿ ಬಡಿಸಿದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ಸಲ ಹಬ್ಬದ ನಡುವೆಯೇ ಸೂರ್ಯಗ್ರಹಣ ಬಿದ್ದಿತ್ತು, ಸಂಜೆ ಸೂರ್ಯ ಮುಳುಗುವ ಹೊತ್ತಿಗೆ. ಬೆಳಿಗ್ಗೆಯೇ ಬೀದಿಯ ಹಿರಿಯರು ಕಚೇರಿಗೆ ಬಂದರು. ಮುಂದೆ ನಿಂತವರು ನಿವೃತ್ತ ಮೇಷ್ಟ್ರು ಓಂಕಾರಪ್ಪ. ಗ್ರಹಣ ಹಿಡಿದಾಗ ಹೊಸ ನೀರು ಮನೆಯೊಳಗೆ ಬರಬಾರದು. ಹಿಂದೆ ಈ ತೊಂದರೆ ಇರಲಿಲ್ಲ, ನೀರೇ ಬರುತ್ತಿರಲಿಲ್ಲ. ಈಗ ಇಪ್ಪತ್ನಾಲ್ಕು ಗಂಟೆ ಎಂದರೆ ಗ್ರಹಣದಲ್ಲೂ ಬಂದು ಹಂಡೆಗೆ ಬಿದ್ದರೆ ಗತಿಯೇನು?

"ಮಧ್ಯಾಹ್ನದಿಂದ ಗ್ರಹಣ ಬಿಡೋಗಂಟ ವಾಲ್ವ್ ಬಂದ್ ಮಾಡಿಸ್ರಿ" ಎಂದರು.

ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಟ್ಟಿಗೆ ಮೇಲೆ ಬಂತು. "ಮಾಡ್ಸಲ್ಲ ಮೇಷ್ಟ್ರೇ. ಇಪ್ಪತ್ನಾಲ್ಕು ಗಂಟೆ ಅಂದ್ರೆ ಇಪ್ಪತ್ನಾಲ್ಕು ಗಂಟೆ, ಸೂರ್ಯಂಗೆ ಏನಾದ್ರೂ ಆಗ್ಲಿ. ಬ್ಯಾಡ ಅನ್ನೋರು ನಿಮ್ ನಿಮ್ ನಲ್ಲಿ ನೀವೇ ನಿಲ್ಲಿಸ್ಕಳ್ರಿ."

ಉಪಾಯ ಮಾಡಿ ಹೇಳಿದ್ದೆ ಎಂದು ಆಮೇಲೆ ಕೆಲವರು ನನ್ನನ್ನು ಹೊಗಳಿದರು. ದೇವರಾಣೆ ಉಪಾಯವಲ್ಲ, ಬರೀ ಸಿಟ್ಟು. ಅವರು ಗೊಣಗುತ್ತಾ ಹೋದರು. ನಾನು ಫ್ಯಾನಿನ ಕೆಳಗೆ ಕೂತು ನೀರು ಕುಡಿದೆ. ಕುಡಿಯುತ್ತಿರುವಾಗ ತಲೆಗೆ ಹೊಳೆಯಿತು, ಏನು ಹೇಳಿ ಕಳಿಸಿದೆ ಎಂದು. ಲೋಟ ಅಲ್ಲೇ ಬಿಟ್ಟು ಎದ್ದೆ.

ದಿಬ್ಬದ ಬೀದಿಯಲ್ಲಿ ಟ್ರಂಕುಗಳು ತೆರೆದಿದ್ದವು. ಊರಿನ ಪ್ಲಂಬರ್‌ಗಳೆಲ್ಲ ಅಲ್ಲೇ. ಎರಡು ವಾರ ನಾನು ಕೈಮುಗಿದು ಬೇಡಿದರೂ ಹೊರಬರದ ನಲ್ಲಿಗಳು ಒಂದೊಂದಾಗಿ ಪೈಪಿಗೆ ಏರುತ್ತಿದ್ದವು. ದೇವರ ಗೂಡಿನ ನಲ್ಲಿಯೂ ಕುಂಕುಮದ ಸಮೇತ ಬಂತು. ತಿರುಗಿಸಿ ಬಿಗಿ ಮಾಡಿ, ಸಾಲದೆಂದು ಕೆಲವರು ಮೇಲೆ ಬಟ್ಟೆ ಸುತ್ತಿ ದರ್ಭೆ ಕಟ್ಟಿದರು. ಸಂಜೆ ಬಿಸಿಲು ಕಂದುವ ಮೊದಲೇ ಬಾಗಿಲುಗಳು ಮುಚ್ಚಿದವು. ನಾನು ಓಬಳೇಶನನ್ನು ಟ್ಯಾಂಕಿನ ಹತ್ತಿರ ನಿಲ್ಲಿಸಿ ದಿಬ್ಬ ಹತ್ತಿದೆ. ಅವನ ಫೋನು ಬಂತು, "ಸಾರ್, ಟ್ಯಾಂಕ್ ತುಂಬೈತೆ, ಇಳೀತಾನೇ ಇಲ್ಲ." ಅವನ ದನಿಯಲ್ಲಿ ಹೆದರಿಕೆ ಇತ್ತು.

ಬೀದಿಯಲ್ಲಿ ಬಾಗಿಲು ತೆಗೆದಿದ್ದದ್ದು ಖಾನಾವಳಿ ಒಂದೇ. ರುದ್ರಮ್ಮನವರು ಎಂದಿನಂತೆ ಒಲೆ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಗ್ರಹಣ ಅಲ್ವೇನಮ್ಮಾ ಎಂದೆ.

"ಕೊಳ್ಳಾಗೆ ಲಿಂಗ ಐತೆ, ನಮಗ್ಯಾವ ಗ್ರಹಣರೀ? ಅದೂ ಅಲ್ದೆ ಬ್ಯಾಂಕಿನ ಹುಡುಗ್ರು ಹಸ್ಕಂಡು ಬರ್ತಾವೆ. ಕುಂತ್ಕಳ್ರಿ."

ನಾನು ಕೂರಲಿಲ್ಲ. ಹಿತ್ತಲ ನಲ್ಲಿಯ ಮುಂದೆ ನಿಂತೆ. ಆಕೆಯ ನಲ್ಲಿ ಮಾತ್ರ ಹೊಸದಾಗಿ, ಒಣಗಿ, ಹಾಗೇ ಇತ್ತು. ತಿರುಗಿಸಿದೆ. ಮೊದಲು ಉಸ್ ಎಂದು ಗಾಳಿ. ಆಮೇಲೆ ಒಳಗೆಲ್ಲೋ ಕೆಮ್ಮು. ನಾಲ್ಕು ಹನಿ ಕೆಂಪು ಬಗ್ಗಡ ಉಗುಳಿ ಸುಮ್ಮನಾಯಿತು. ಮೂವತ್ತು ವರ್ಷ ಸರ್ವಿಸ್ ಮಾಡಿದ ನಾನು ಒಂದು ನಲ್ಲಿಗೆ ಕೈಮುಗಿದೆ. ಮತ್ತೊಮ್ಮೆ ಕೆಮ್ಮಿತು, ಆಮೇಲೆ ಭರ್ರೆಂದು ಸುರಿಯಿತು.

ರುದ್ರಮ್ಮನವರು ಸೊಪ್ಪು ಹಿಡಿದುಕೊಂಡೇ ಬಂದು ನಿಂತರು. ಕೊಡ ಹಿಡಿಯಲಿಲ್ಲ, ಸೊಪ್ಪನ್ನು ಪಕ್ಕಕ್ಕಿಟ್ಟರು. ಬೊಗಸೆಯೊಡ್ಡಿ ಮುಖ ತೊಳೆದುಕೊಂಡರು, ಮತ್ತೆ ತೊಳೆದುಕೊಂಡರು. ಆಮೇಲೆ ಬೋರಲು ಹಾಕಿದ ಪಾತ್ರೆಗಳನ್ನೆಲ್ಲ ಬಿಚ್ಚಿ ತುಂಬಿಸಿದರು. ಇನ್ನು ತುಂಬಲು ಏನೂ ಉಳಿಯದಾಗ ನಾನು ನಲ್ಲಿ ನಿಲ್ಲಿಸಲು ಹೋದೆ. ಆಕೆ ನನ್ನ ಕೈ ತಡೆದರು.

"ಹರೀಲಿ ಬಿಡ್ರಿ. ಕೆಳಗಿನೋರೂ ನೋಡ್ಲಿ."

ನೀರು ಅಂಗಳ ದಾಟಿ ಬೀದಿಗಿಳಿಯಿತು. ಮಬ್ಬು ಬೆಳಕಲ್ಲಿ ಮನೆಮನೆಯ ಬಾಗಿಲ ಮುಂದೆ ನಿಧಾನವಾಗಿ ಹರಿದುಕೊಂಡು ಹೋಯಿತು. ಮೇಲಿನಿಂದ ಕೆಳಗೆ ನೀರು ಬರುವುದನ್ನು ಮಳೆ ಬಿಟ್ಟರೆ ಆ ಬೀದಿ ಕಂಡಿರಲಿಲ್ಲ. ಕಿಟಕಿಗಳು ಒಂದೊಂದಾಗಿ ತೆರೆದವು. ಹೊರಗೆ ಬರುವಂತಿಲ್ಲ, ಮುಟ್ಟುವಂತಿಲ್ಲ, ಕಣ್ಣೆದುರೇ ನೀರು ಪೋಲಾಗುತ್ತಿದೆ. ಓಂಕಾರಪ್ಪ ಮೇಷ್ಟ್ರು ಕಿಟಕಿಯ ಸರಳು ಹಿಡಿದು ಸಂಕಟದಿಂದ ಕೂಗಿದರು, "ರುದ್ರಮ್ಮಾ, ನಲ್ಲಿ ನಿಲ್ಲಿಸಮ್ಮಾ, ನೀರು ದಂಡ ಆಗ್ತೈತೆ." ನನ್ನ ಕಿವಿ ತಂಪಾಯಿತು. ಎರಡು ವಾರದಿಂದ ನಾನು ಮೈಕಿನಲ್ಲಿ ಕೂಗಿಸಿದ್ದೂ ಅದನ್ನೇ.

ಗ್ರಹಣ ಬಿಟ್ಟ ಮೇಲೆ ಬೀದಿಯವರು ಸ್ನಾನಕ್ಕೂ ಮೊದಲು ದಿಬ್ಬ ಹತ್ತಿ ಬಂದು ಆ ನಲ್ಲಿಯನ್ನು ನೋಡಿದರು. ನೀವೆಲ್ಲ ನಿಲ್ಲಿಸಿದ್ದಕ್ಕೇ ಇಲ್ಲಿಗೆ ಹತ್ತಿತು ಎಂದು ನಾನು ವಿವರಿಸುತ್ತಿದ್ದೆ, ಯಾರೂ ಕೇಳಿಸಿಕೊಳ್ಳಲಿಲ್ಲ, ಅಷ್ಟರಲ್ಲಿ ಅವರಿಗೇ ಅರ್ಥವಾಗಿತ್ತು. ಎಲ್ಲರ ಸ್ನಾನ ಮುಗಿದರೂ ಟ್ಯಾಂಕ್ ಖಾಲಿಯಾಗಲಿಲ್ಲ. ಬೆಳಿಗ್ಗೆ ಜನ ನಲ್ಲಿ ತಿರುಗಿಸಿ ನೋಡುವುದು, ಬಂತೆಂದು ನಿಲ್ಲಿಸುವುದು, ನಂಬಿಕೆ ಸಾಲದೆ ಮತ್ತೆ ತಿರುಗಿಸುವುದು. ಹೊಸ ಸ್ವಿಚ್ ಹಾಕಿಸಿದ ಮನೆಯ ಹಾಗೆ. ಒಬ್ಬರೂ ನಲ್ಲಿ ಬಿಚ್ಚಲಿಲ್ಲ. ತಗಡಿನ ಡಬ್ಬಗಳಲ್ಲಿ ಆಮೇಲೆ ತುಳಸಿ ಬಂತು.

ಸಭೆಯಲ್ಲಿ ತಿಪ್ಪೇಸ್ವಾಮಿ ಎದ್ದು ನಿಂತು, ಈ ಯೋಜನೆಗಾಗಿ ತಾನು ಹಗಲಿರುಳು ಪಟ್ಟ ಕಷ್ಟವನ್ನು ಬಣ್ಣಿಸಿದ. ಬೇರೆ ವಾರ್ಡಿನವರು ತಮಗೂ ಬೇಕೆಂದು ಮೇಜು ಗುದ್ದಿದರು. ಒಬ್ಬ ಸದಸ್ಯರಂತೂ ಮುಂದಿನ ಗ್ರಹಣ ಯಾವಾಗ ಎಂದು ನನ್ನನ್ನು ಗಂಭೀರವಾಗಿ ಕೇಳಿದರು.

ನೌಕರಿ ನನಗೆ ಕಲಿಸಿದ ಪಾಠವನ್ನು ಹೇಳಿಬಿಡುತ್ತೇನೆ. ಸರ್ಕಾರಿ ಕಚೇರಿ ಪೈಪು ಹಾಕಬಹುದು, ಟ್ಯಾಂಕು ಕಟ್ಟಬಹುದು, ನೀರನ್ನೂ ತರಬಹುದು. ನಂಬಿಕೆಯನ್ನು ಮಾತ್ರ ಮೈಕಿನಲ್ಲಿ ಕೂಗಿ ತರಲಾಗುವುದಿಲ್ಲ. ವರ್ಷಾನುಗಟ್ಟಲೆ ನಾವೇ ಒಣಗಿಸಿದ್ದು ಅದು. ಜನರ ಕಣ್ಣೆದುರಿಗೆ ಹರಿದ ಮೇಲೇ ಅದು ಹಿಂದಕ್ಕೆ ಬರುತ್ತದೆ.

ನಿವೃತ್ತಿಯ ದಿನ ಕಡೆಯ ಊಟಕ್ಕೆ ರುದ್ರಮ್ಮನವರ ಮನೆಗೇ ಹೋದೆ. ಹೋಳಿಗೆ ಮಾಡಿದ್ದರು. ಬಾಗಿಲು ಹಾಕಿಕೊಂಡು ಮಗಳ ಮನೆಗೆ ಹೋಗುವ ಮಾತು ಮತ್ತೆ ಬಂದಿರಲಿಲ್ಲ, ಬದಲಿಗೆ ಮಗಳೇ ಬಾಣಂತನಕ್ಕೆ ಬಂದಿದ್ದಳು. ಹಾಲ್‌ನ ಮೂಲೆಯಲ್ಲಿ ಹೊಸದಾಗಿ ಬೇಸಿನ್ ಹಾಕಿಸಿದ್ದರು. ಚೊಂಬು ಕಾಣಲಿಲ್ಲ.

"ಇವತ್ತು ಮನಸ್ಸು ತುಂಬ ಕೈ ತೊಳ್ಕಳ್ರಿ ಇಂಜಿನಿಯರ್ರೇ, ನೀವೇ ಹತ್ತಿಸಿದ ನೀರು" ಎಂದು ಅಡುಗೆಮನೆಯಿಂದ ಹೇಳಿದರು. ನನ್ನ ಕಣ್ಣು ಒದ್ದೆಯಾಯಿತು. ಅದನ್ನು ಮರೆಮಾಡಲು ತಲೆ ಬಗ್ಗಿಸಿ, ನಲ್ಲಿ ಪೂರ್ತಿ ತಿರುಗಿಸಿ ನಿಂತೆ.

ಬೆರಳು ಒದ್ದೆಯಾಗಿತ್ತೋ ಇಲ್ಲವೋ, ಅಡುಗೆಮನೆಯಿಂದ ಮತ್ತೆ ದನಿ ಬಂತು.

"ಸಾಕು, ನಿಲ್ಲಿಸ್ರಿ."