ವಿನಾಯಕನ ಎಡೆ

ಹ್ಯೂಸ್ಟನ್ ಪಕ್ಕದ ಸ್ಟಾಫರ್ಡಿನಲ್ಲಿ ಈರಣ್ಣನವರ ದಿನಸಿ ಅಂಗಡಿಯನ್ನು ಬಲ್ಲವರೆಲ್ಲರೂ ಅವರ ಹೆಂಡತಿ ಶಾಂತವ್ವನವರ ಜೋಳದ ರೊಟ್ಟಿಯನ್ನೂ ಬಲ್ಲರು. ಬಾಗಲಕೋಟೆಯ ಕಡೆಯ ಆ ತಾಯಿ ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ನಿಂತರೆ ಮಧ್ಯಾಹ್ನದವರೆಗೆ ಕೂರುತ್ತಿರಲಿಲ್ಲ. ಅವರ ಜೊತೆಗಾತಿ ಎಲ್ವಿರಾ ಎಂಬ ಮೆಕ್ಸಿಕೋದ ಹೆಂಗಸು. ತನ್ನ ನಾಡಿನ ಮೆಕ್ಕೆಜೋಳದ ರೊಟ್ಟಿ ತಟ್ಟಿ ಬೆಳೆದ ಕೈ. ಒಂದೇ ವಾರದಲ್ಲಿ ನಮ್ಮದನ್ನೂ ಕಲಿತಳು. ಇಬ್ಬರದೂ ಮುರುಕು ಇಂಗ್ಲಿಷ್. ಆದರೂ ಅವರ ಮಾತು ನಿಂತದ್ದನ್ನು ವಾರವಾರ ದಿನಸಿಗೆ ಹೋಗುತ್ತಿದ್ದ ನಾನು ಕಂಡಿಲ್ಲ.

ಅಷ್ಟು ಮಾತಿನಲ್ಲಿಯೂ ಶಾಂತವ್ವ ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಹ್ಯೂಸ್ಟನ್ನಿಗೆ ಬಂದ ಎರಡನೆಯ ವರ್ಷ, ೧೯೮೪ರಲ್ಲಿ, ಅವರ ಚೊಚ್ಚಲ ಮಗ ವಿನಾಯಕ ಒಂಬತ್ತು ತಿಂಗಳವನಾಗಿದ್ದಾಗ ಜ್ವರದಿಂದ ತೀರಿಕೊಂಡ. ಊರಿನಿಂದ ಅತ್ತೆ ಕಾಗದ ಬರೆಸಿದರು: ವರ್ಷ ತುಂಬದ ಕೂಸಿಗೆ ಎಡೆ ಇಡುವ ಪದ್ಧತಿ ಇಲ್ಲ, ಹೆಸರನ್ನೂ ಎತ್ತಬೇಡಿರಿ, ಎತ್ತಿದರೆ ಮುಂದಿನ ಕೂಸು ನಿಲ್ಲುವುದಿಲ್ಲ. ಮುಂದಿನ ಕೂಸು ವೈಷ್ಣವಿ ನಿಂತಳು, ಬೆಳೆದಳು, ಆಸ್ಟಿನ್ನಿಗೆ ಓದಲು ಹೋದಳು. ತನಗೊಬ್ಬ ಅಣ್ಣನಿದ್ದನೆಂದು ಅವಳಿಗೆ ಯಾರೂ ಹೇಳಲಿಲ್ಲ.

೨೦೦೫ರ ಅಕ್ಟೋಬರಿನಲ್ಲಿ ಒಂದು ದಿನ ಎಲ್ವಿರಾ ತಮ್ಮ ಹಬ್ಬದ ಮಾತು ತೆಗೆದಳು. ಸತ್ತವರು ವರ್ಷಕ್ಕೊಮ್ಮೆ ಮನೆಗೆ ಬರುವ ಹಬ್ಬ. ನವೆಂಬರ್ ಎರಡು ದೊಡ್ಡವರ ದಿನ, ಒಂದನೆಯ ತಾರೀಖು ಮಕ್ಕಳ ದಿನ.

ಶಾಂತವ್ವನವರ ಕೈ ಹಿಟ್ಟಿನಲ್ಲಿಯೇ ನಿಂತಿತು. "ಎಷ್ಟು ಸಣ್ಣ ಮಕ್ಕಳು?"

"ಹೆಸರಿಡದವರೂ ಬರುತ್ತಾರೆ. ನನ್ನ ಮಗಳು ಪ್ರತಿ ವರ್ಷ ಬರುತ್ತಾಳೆ."

ಆಗ ಶಾಂತವ್ವ ಎಲ್ಲವನ್ನೂ ಹೇಳಿದರು. ಎಲ್ವಿರಾ ಬೈದೇ ಬಿಟ್ಟಳು. "ಇಪ್ಪತ್ತೊಂದು ವರ್ಷ ಹುಡುಗನನ್ನು ಉಪವಾಸ ಕೆಡವಿದ್ದೀಯಲ್ಲ! ಫೋಟೋ ತಾ. ಡಿಸೆಂಬರಿನಲ್ಲಿ ನಾನು ಡಲ್ಲಾಸಿಗೆ, ತಂಗಿಯ ಮನೆಗೆ ಹೊರಟೆ. ಈ ವರ್ಷ ತಪ್ಪಿದರೆ ಇಲ್ಲ."

ಆದರೆ ಆ ವರ್ಷ ನವೆಂಬರ್ ಒಂದರಂದೇ ದೀಪಾವಳಿಯ ಅಮಾವಾಸ್ಯೆ. ಸಂಜೆ ಅಂಗಡಿಯಲ್ಲಿ ಲಕ್ಷ್ಮೀಪೂಜೆ. ಅಂಥ ದಿನ ಸಾವಿನ ಸುದ್ದಿ ಎತ್ತಿದರೆ ಈರಣ್ಣ ಸುಮ್ಮನಿರುವವರಲ್ಲ. ಅದೇ ಬೇಸಿಗೆಯಲ್ಲಿ ಅವರಿಗೆ ಹೃದಯದ ಆಪರೇಷನ್ ಬೇರೆ ಆಗಿತ್ತು. ಆದ್ದರಿಂದ ಶಾಂತವ್ವ ಗಂಡನಿಗೆ ಹೇಳಲಿಲ್ಲ. ನಾಲ್ಕು ಗಂಟೆಗೆ ಇಳಕಲ್ಲ ಸೀರೆಯ ಮಡಿಕೆಯಿಂದ ಮಗನದೆಂದು ಇದ್ದ ಒಂದೇ ಫೋಟೋ ತೆಗೆದುಕೊಂಡು, ಒಂದು ಡಬ್ಬಿಯಲ್ಲಿ ಹಾಲನ್ನ ಕಲಸಿಕೊಂಡು, ಎಲ್ವಿರಾಳ ಅಪಾರ್ಟ್‌ಮೆಂಟಿಗೆ ನಡೆದರು.

ಎಲ್ವಿರಾ ಹಣ್ಣಿನ ಪೆಟ್ಟಿಗೆಗಳನ್ನು ಮೆಟ್ಟಿಲಾಗಿ ಜೋಡಿಸಿ ಬಟ್ಟೆ ಹೊದಿಸಿದ್ದಳು. ಮೇಣದ ದೀಪ, ಸಿಹಿ ಬ್ರೆಡ್ಡು, ಸಕ್ಕರೆಯ ತಲೆಬುರುಡೆಗಳು, ರಾಶಿ ಚೆಂಡುಹೂವು. ಶಾಂತವ್ವ ಫೋಟೋ ಇಟ್ಟು, ಹೂವು ಏರಿಸಿ, ಡಬ್ಬಿಯ ಮುಚ್ಚಳ ತೆಗೆದರು. ಎಲ್ವಿರಾ ಬಗ್ಗಿ ನೋಡಿ ಬೆಚ್ಚಿದಳು. ಫೋಟೋದಲ್ಲಿ ಕೂಸು ಈರಣ್ಣನವರ ತೊಡೆಯ ಮೇಲೆ ಕುಳಿತಿತ್ತು.

"ಇವರು ಬದುಕಿದ್ದಾರಲ್ಲ! ಬದುಕಿದವರನ್ನು ಇಲ್ಲಿ ಇಡಬಾರದು, ಸತ್ತವರು ಜೊತೆಗೆ ಕರೆದುಕೊಂಡು ಹೋಗುತ್ತಾರೆ."

 ಬದುಕಿದವರ ಫೋಟೋಕ್ಕೆ ಹೂವು ಏರಿಸಬಾರದೆಂದು ಮಗಳಿಗೆ ಕಲಿಸಿದವರು ಶಾಂತವ್ವನವರೇ. ಎಲ್ವಿರಾ ಕತ್ತರಿ ತಂದಳು. ಗಂಡನನ್ನು ಕತ್ತರಿಸಿ ತೆಗೆಯುವುದೇ? ಅದಕ್ಕೂ ಮನಸ್ಸು ಬಾರದೆ ಅವಳ ಕೈ ಹಿಡಿದು ನಿಂತಿರುವಾಗ ಬಾಗಿಲಲ್ಲಿ ಈರಣ್ಣನವರ ದನಿ ಕೇಳಿಸಿತು. ಅಂಗಡಿಯ ಕೆಲಸದವರನ್ನು ಕೇಳಿಕೊಂಡು ಹುಡುಕುತ್ತ ಬಂದಿದ್ದರು.

"ಪೂಜಾಕ್ಕ ಮಂದಿ ಬಂದು ಕುಂತಾರ, ಇಲ್ಲೇನ ಮಾಡಾಕತ್ತೀದಿ?" ಎನ್ನುತ್ತ ಒಳಗೆ ಬಂದವರು ತಮ್ಮ ಮುಖವನ್ನು ತಾವೇ ಕಂಡರು. "ಭೇಷ್! ಡಾಕ್ಟರು ಉಳಿಸಿದ್ದು ದಂಡ ಆತು. ನನ್ನ ತಿಥೀನೂ ಮುಗಿಸಿಬಿಟ್ಟೆಲ್ಲ!"

"ನಿಮ್ಮನ್ನಲ್ರಿ. ನೀವು ಅದರಾಗ ಅದೀರಿ ಅನ್ನೋದ ಕಾಣಲಿಲ್ರಿ. ಇಷ್ಟು ವರ್ಷ ನನಗ ಅವಾ ಒಬ್ಬಾವನ ಕಂಡಾನ."

"ಅವ್ವ ಏನಂತ ಬರಸಿದ್ಲು? ಅದೂ ಇಂಥಾ ದಿನ..."

"ತೀರಿಕೊಂಡ ಅತ್ತೀಗೆ ವರ್ಷಾ ಎಡಿ ಇಡತೀನಿ. ನನ್ನ ವಿನಾಯಕಗ ಒಂದು ತುತ್ತು ಇಟ್ಟಿಲ್ರಿ. ಮುಂದಿನ ಕೂಸು ನಿಂತು ಕಾಲೇಜಿಗೆ ಹೋಗೇತಿ. ಇನ್ನ ಯಾರಿಗೆ ಅಂಜೋದು?"

ಆ ಹೆಸರು ಕೇಳಿ ಈರಣ್ಣ ಅಲ್ಲಿಯೇ ಕುಳಿತರು. ಆಮೇಲೆ ಫೋಟೋ ಎತ್ತಿಕೊಂಡು ಹೂವು ಕೆಳಗಿಟ್ಟರು. ಇನ್ನು ಮುಗಿಯಿತೆಂದು ಶಾಂತವ್ವ ಸೆರಗು ಬಾಯಿಗೊತ್ತಿಕೊಂಡರು. ಈರಣ್ಣ ಫೋಟೋವನ್ನು ಮಡಚತೊಡಗಿದರು. ಮುಖ ಹಿಂದಕ್ಕೆ ಹೋಯಿತು, ಭುಜ ಹೋಯಿತು. ಕೂಸಿನ ಹೊಟ್ಟೆಯ ಸುತ್ತ ಹಿಡಿದ ಬಲಗೈ ಮಾತ್ರ ಹೋಗಲಿಲ್ಲ. ಅದನ್ನು ಮಡಚಿದರೆ ಕೂಸೇ ಅರ್ಧ ಮಡಚಿಹೋಗುತ್ತಿತ್ತು. ಎರಡು ಸಲ ಪ್ರಯತ್ನಿಸಿ ನೋಡಿದರು.

"ಕೈ ಅಷ್ಟ ಇದ್ದರ ಏನಾಕ್ಕತಿ, ಕೇಳ ಆಕಿನ್ನ," ಎಂದರು. ಶಾಂತವ್ವ ಎಲ್ವಿರಾಳನ್ನು ಇಂಗ್ಲಿಷಿನಲ್ಲಿ ಕೇಳಿದರು.

"ನಮ್ಮಜ್ಜಿ ಅದನ್ನು ಹೇಳಿಲ್ಲ," ಎಂದಳು ಎಲ್ವಿರಾ, ಕಣ್ಣು ತಪ್ಪಿಸಿ.

"ಇರಲಿ ಬಿಡು," ಎಂದು ಈರಣ್ಣ ಫೋಟೋವನ್ನು ಹಾಲನ್ನದ ಹಿಂದೆ ನಿಲ್ಲಿಸಿದರು. "ಆವತ್ತು ಹಿಡಕೊಂಡಿರಲಿಲ್ಲಂದ್ರ ಬೀಳತಿದ್ದ ಅಂವಾ."

ಕಾರಿನಲ್ಲಿ ಶಾಂತವ್ವ, "ವೈಷ್ಣವಿಗೆ ಹೇಳೋಣೇನ್ರಿ?" ಎಂದರು. ಈರಣ್ಣ ಗಾಡಿ ಶುರು ಮಾಡಿದರು. ಪೂಜೆ ಹೇಗೋ ನಡೆಯಿತು.

ಮಗನಿಗೆ ಉಣ್ಣಿಸಿದ ತೃಪ್ತಿ ಶಾಂತವ್ವನವರಿಗೆ ಎಷ್ಟು ದಿನ ಉಳಿಯಿತೋ ತಿಳಿಯದು. ಅವರು ಇದನ್ನೆಲ್ಲ ನನಗೆ ಹೇಳಿದ ಆ ಚಳಿಗಾಲದಲ್ಲಿ, ಅಂಗಡಿಯಲ್ಲಿ ಈರಣ್ಣ ಒಮ್ಮೆ ಕೆಮ್ಮಿದರೂ ಸಾಕು, ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು ಅವರ ಬಲಗೈ ಮುಟ್ಟಿ ನೋಡುತ್ತಿದ್ದರು, ಬೆಚ್ಚಗಿದೆಯೇ ಎಂದು.