ಗಣಕಯಂತ್ರಕ್ಕೆ ಕಿವಿ ಎಲ್ಲಿ?

ಯಂತ್ರ ಕಂಡರೆ ನನಗೆ ಹುಚ್ಚು, ಮೊದಲೇ ಹೇಳಿಬಿಡುತ್ತೇನೆ. ಹಿಟ್ಟಿನ ಗಿರಣಿ ಇರಲಿ, ಹತ್ತಿಯ ಜಿನ್ನು ಇರಲಿ, ತಿರುಗುವುದು ಯಾವುದೇ ಕಂಡರೂ ಬಾಯಿ ತೆರೆದು ನಿಲ್ಲುವ ಪೈಕಿ ನಾನು. ಬೀಸಲು ಒಯ್ದ ಜೋಳ ಹಿಟ್ಟಾಗಿ ತಣ್ಣಗಾದ ಮೇಲೂ ಗಿರಣಿ ಬಿಟ್ಟು ಏಳುವುದಿಲ್ಲವೆಂದು ನನ್ನ ಹೆಂಡತಿಯ ದೂರು. ಅಂಥವನಿಗೆ, ಗದಗಿನ ವಸ್ತುಪ್ರದರ್ಶನಕ್ಕೆ ಕಂಪ್ಯೂಟರು ಬಂದಿದೆ ಎಂಬ ಖಬರು ಮುಂಡರಗಿಯ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಸಿಕ್ಕರೆ ಹೇಗಾಗಬೇಡ! ಬೀಜಗಣಿತವನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹಿಡಿಯಬೇಕೆನ್ನಿಸಿತು. ಹೆಡ್‌ಮಾಸ್ತರರ ಮುಖ ನೆನಪಾಗಿ ಪಾಠ ಮುಗಿಸಿದೆ, ಅಷ್ಟೇ.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಪತ್ರಿಕೆಯವರು ಕಂಪ್ಯೂಟರನ್ನು ಗಣಕಯಂತ್ರ ಎಂದು ಕರೆಯತೊಡಗಿದ್ದರು. ಆ ಹೆಸರು ಹುಡುಕಿದ ಪುಣ್ಯಾತ್ಮ ಸಿಕ್ಕರೆ ಅವನಿಗೊಂದು ಶಾಲು ಹೊದಿಸಬೇಕು. ನಿಘಂಟು ತೆರೆದು ನೋಡಿ, ಗಣಕ ಎಂದರೆ ಲೆಕ್ಕ ಮಾಡುವವನು ಎಂದೂ ಇದೆ, ಜೋಯಿಸ ಎಂದೂ ಇದೆ. ಹಿಂದಿನವರಿಗೆ ಎರಡೂ ಒಂದೇ ಕಸುಬು. ಗ್ರಹಗಳ ಲೆಕ್ಕ ಹಾಕದೆ ಭವಿಷ್ಯ ಹೇಳುವುದಾದರೂ ಹೇಗೆ? ಬೇರೆ ದೇಶಗಳಲ್ಲಿ ಈ ಯಂತ್ರ ರಾಕೆಟ್ಟು ಹಾರಿಸುತ್ತಿತ್ತೋ ಏನೋ, ನಮ್ಮ ಗದಗಕ್ಕೆ ಬಂದೊಡನೆ ಹೆಸರಿಗೆ ತಕ್ಕ ಕೆಲಸ ಹಿಡಿಯಿತು. ಮಿರ್ಚಿ ಅಂಗಡಿಯ ಎದುರಿಗೆ ಕುಳಿತು ಜಾತಕ ಕೂಡಿಸತೊಡಗಿತು!

ನಮಗೂ ಆಗ ಜಾತಕದ್ದೇ ಗರಜು. ನನ್ನ ತಂಗಿ ಗಿರಿಜಾ ಬಂದ ವರಗಳಿಗೆಲ್ಲ ‘ಒಲ್ಲೆ’ ಎನ್ನುತ್ತಿದ್ದವಳು. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿ ವೀರಭದ್ರಪ್ಪನವರ ಮಗ ಬಸವರಾಜ ನೋಡಿಹೋದ ದಿನ ಮಾತ್ರ ‘ನಿಮಗ ತಿಳಿದಂಗ ಮಾಡ್ರಿ’ ಎಂದು ಒಳಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ‘ಹೂಂ’ ಇಲ್ಲ. ಪಂಚಾಂಗ ನೋಡುವ ಅಯ್ಯನವರೂ ಜಾತಕ ಕೂಡುತ್ತವೆ ಎಂದರು. ಆದರೆ ಆ ಅಯ್ಯನವರು ಗದಗಿಗೆ ಹೊಂದಿಕೊಂಡ ನಮ್ಮ ಬೆಟಗೇರಿಯವರು, ನಮ್ಮದೇ ಓಣಿಯವರು ಎಂಬುದು ವೀರಭದ್ರಪ್ಪನವರ ವ್ಯಾಪಾರಿ ಮನಸ್ಸಿಗೆ ಚುಚ್ಚುತ್ತಿತ್ತು.

“ಕಂಪ್ಯೂಟರಿಗೆ ಕೇಳೂಣು ಬಿಡ್ರಿ, ಮಾಸ್ತರ,” ಎಂದರು ನನಗೆ. “ಅದಕ್ಕ ಬೀಗರಿಲ್ಲ, ಓಣಿ ಮಂದಿ ಇಲ್ಲ. ಯಾರ ಮನ್ಯಾಗೂ ಚಹಾ ಕುಡದಿರೂದಿಲ್ಲ. ಇದ್ದದ್ದು ಇದ್ದಂಗ ಹೇಳತೈತಿ.”

ಭೇಷ್ ಎಂದೆ ನಾನು! ಯಾರ ಹಂಗಿಗೂ ಬೀಳದ ನ್ಯಾಯಾಧೀಶ, ಅದೂ ಕರೆಂಟಿನ ಮೇಲೆ ನಡೆಯುವವನು! ನನ್ನ ಕಣ್ಣಿಗೆ ತಂಗಿಯ ಲಗ್ನಕ್ಕಿಂತ ಯಂತ್ರದ ದರ್ಶನವೇ ದೊಡ್ಡದಾಗಿ ಕಾಣತೊಡಗಿತ್ತೋ ಏನೋ. ಮುಂದಿನ ರವಿವಾರ ಎರಡೂ ಮನೆಯವರು ಕೂಡಿ ಪ್ರದರ್ಶನಕ್ಕೆ ಹೊರಟೆವು.

ಆ ಮಳಿಗೆಯ ಬಾಗಿಲಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದಿತ್ತು. ಯಂತ್ರಕ್ಕೆ ಧೂಳು ಆಗುವುದಿಲ್ಲ, ಅದಕ್ಕಾಗಿ. ಆದರೆ ಚಪ್ಪಲಿ ಬಿಟ್ಟು ಒಳಗೆ ಹೋದ ಮೇಲೆ ನಮ್ಮ ಮಂದಿ ಕೈ ಮುಗಿಯದೆ ಇನ್ನೇನು ಮಾಡಬೇಕು ಹೇಳಿ? ಸಾಲಿನಲ್ಲಿದ್ದವರೆಲ್ಲ ಮುಗಿಯುತ್ತಿದ್ದರು. ಬಸವರಾಜನ ತಾಯಿ ನೀಲವ್ವನವರು ಗಲ್ಲ ಗಲ್ಲ ಬಡಿದುಕೊಂಡರು. ನಮ್ಮಪ್ಪ ಪ್ರದಕ್ಷಿಣೆ ಹಾಕಲು ಹಿಂದೆ ಜಾಗವಿದೆಯೇ ಎಂದು ಇಣುಕಿ ನೋಡಿದ. ಯಾರೋ ಆಗಲೇ ಪರದೆಯ ಮೂಲೆಗೆ ಕುಂಕುಮ ಹಚ್ಚಿ ಹೋಗಿದ್ದರು. ವಿಜ್ಞಾನ ಓದಿದ ನಾನು ಕೈ ಮುಗಿಯಲಿಲ್ಲವಪ್ಪ. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತೆ.

ಟೈ ಕಟ್ಟಿದ ಆಪರೇಟರು ಹುಟ್ಟಿದ ಸಮಯ ಕೇಳಿದರು. ಗಂಟೆ ಸಾಲದು, ನಿಮಿಷವೂ ಬೇಕಂತೆ.

“ಗಿರಿಜಾ ಹುಟ್ಟಿದಾಗ ಸೊಲ್ಲಾಪುರ ಗಾಡಿ ಸೀಟಿ ಹೊಡೀತು ನೋಡ್ರಿ,” ಎಂದಳು ನಮ್ಮವ್ವ. ನಮ್ಮ ಮನೆಗೆ ಸ್ಟೇಷನ್ನಿನ ಸೀಟಿಯೇ ಗಡಿಯಾರ.

“ನಮ್ಮ ಬಸು ಹುಟ್ಟಿದಾಗ ಸೋಮೇಶ್ವರನ ಗುಡ್ಯಾಗ ಮುಂಜಾನಿ ಗಂಟಿ ಬಾರಿಸಿದ್ರು,” ಎಂದರು ನೀಲವ್ವನವರು.

ಅಪ್ಪ ಹಳೆಯ ರೈಲ್ವೆ ವೇಳಾಪಟ್ಟಿಯ ಹೊತ್ತು ಹೇಳಿದ, ವೀರಭದ್ರಪ್ಪನವರು ಪೂಜೆಯ ಹೊತ್ತು ಹೇಳಿದರು. ಆಪರೇಟರು ಒತ್ತಿದರು. ಅಬ್ಬಬ್ಬಾ! ಪರದೆಯ ಮೇಲೆ ಹಸಿರು ಅಕ್ಷರ ಸರಸರ ಓಡಿದವು, ಮುದ್ರಿಸುವ ಪೆಟ್ಟಿಗೆ ಕರ್ರ್ ಕರ್ರ್ ಎಂದು ಕಾಗದ ಉಗುಳಿತು. ನನಗೆ ಕುಣಿಯುವುದೊಂದು ಬಾಕಿ.

“ಕೂಡೂದಿಲ್ಲರಿ,” ಎಂದು ಓದಿದರು ಆಪರೇಟರು.

ನನ್ನ ಕುಣಿತ ಅಲ್ಲಿಗೇ ನಿಂತಿತು. ಬಸವರಾಜ ಎದುರಿನ ಅಂಗಡಿಯಿಂದ ತಂದು ಬಾಯಿಗೆ ಹಾಕಿಕೊಂಡಿದ್ದ ಮಿರ್ಚಿ ಭಜಿ ಒಳಗೂ ಹೋಗದೆ ಹೊರಗೂ ಬರದೆ ಅಲ್ಲೇ ಉಳಿಯಿತು. ಗಿರಿಜಾ ಆ ಪರದೆಯನ್ನೇ ದುರುಗುಟ್ಟಿ ನೋಡುತ್ತಿದ್ದಳು, ಕಣ್ಣು ತುಂಬಿದ್ದವು.

“ಆತಲ್ಲ. ನಾವು ಅಂದದ್ದಲ್ಲ ಮತ್ತ, ಅದ ಹೇಳೈತಿ,” ಎಂದು ವೀರಭದ್ರಪ್ಪನವರು ಚಪ್ಪಲಿಯ ಕಡೆ ತಿರುಗಿದರು.

ಒಲ್ಲೆ ಎಂದವರು ಯಾರು? ವೀರಭದ್ರಪ್ಪನವರಲ್ಲ, ಆಪರೇಟರಲ್ಲ. ಜಗಳವಾಡೋಣವೆಂದರೆ ಎದುರಿಗೆ ಒಂದು ಪೆಟ್ಟಿಗೆ. ಯಾರ ಮನೆಯಲ್ಲೂ ಚಹಾ ಕುಡಿಯದ್ದು ಎಂದು ನಾನು ಕೊಂಡಾಡಿದ ಗುಣವೇ ಈಗ ಮೈ ಉರಿಸಿತು. ಚಹಾ ಕುಡಿಯುವವರಾದರೆ ಮನೆಗೆ ಕರೆದು ನಾಲ್ಕು ಮಾತಾದರೂ ಆಡಬಹುದಿತ್ತು!

ಅಷ್ಟರಲ್ಲಿ ಗಿರಿಜಾ ಮೂಗು ಒರೆಸಿಕೊಂಡು, “ಯವ್ವಾ, ಸೊಲ್ಲಾಪುರ ಗಾಡಿ ಎಂದಾರ ಹೊತ್ತಿಗೆ ಸರಿಯಾಗಿ ಬಂದೈತೇನ?” ಎಂದಳು.

ಮಳಿಗೆಗೆ ಮಳಿಗೆಯೇ ನಕ್ಕಿತು. ಖರೆ ಅಲ್ಲವೇ! ವೇಳಾಪಟ್ಟಿ ನೋಡಿ ಬಂದ ಗಾಡಿಯನ್ನು ಗದಗಿನಲ್ಲಿ ಕಂಡವರು ಯಾರು? ಸಾಲಿನಲ್ಲಿದ್ದವರಿಗೆಲ್ಲ ಹುರುಪು ಬಂತು. “ಸ್ವಲ್ಪ ತಡಾ ಮಾಡಿ ಹಾಕ್ರಿ,” ಎಂದರು ಒಬ್ಬರು. ಆಪರೇಟರು ಹಾಕಿದರು. ಕರ್ರ್ ಕರ್ರ್. ಕೂಡುತ್ತದೆ! ಹೋ ಎಂದು ಚಪ್ಪಾಳೆ. “ತಡೀರಿ, ಆ ಪೂಜಾರಿ ಏಳೂದೂ ತಡಾನ ಇತ್ತು,” ಎಂದು ನೀಲವ್ವನವರು ನೆನಪು ಮಾಡಿಕೊಂಡರು. ಅದನ್ನೂ ಹಾಕಿದರೆ, ಕೂಡುವುದಿಲ್ಲ! ಗಾಡಿಯನ್ನು ಇನ್ನಷ್ಟು ತಡ ಮಾಡಿದರೆ ಮತ್ತೆ ಕೂಡುತ್ತದೆ! ಹೌದು ಅನ್ನುವಾಗಲೂ ಅದೇ ಹಸಿರು ಮುಖ, ಅಲ್ಲ ಅನ್ನುವಾಗಲೂ ಅದೇ.

“ಇದರಾಗ ಖರೆ ಯಾವುದು?” ವೀರಭದ್ರಪ್ಪನವರು ಬೆವರು ಒರೆಸಿಕೊಂಡರು.

“ನನಗೇನ್ ಗೊತ್ತರಿ? ನೀವು ಕೊಟ್ಟದ್ದು ಹಾಕೀನಿ, ಅದು ಹೇಳಿದ್ದು ಓದೀನಿ,” ಎಂದರು ಆಪರೇಟರು. ಪಾಪ, ಅವರ ಮಾತಿನಲ್ಲಿ ಸುಳ್ಳಿರಲಿಲ್ಲ.

ಆಗ ನೀಲವ್ವನವರು ಮುಂದೆ ಬಂದರು. “ಅಲ್ಲೋ ತಮ್ಮಾ, ಅಯ್ಯನೋರು ಹೇಳಿದ್ದು ಸುಳ್ಳಾದ್ರ ಅವರ ಮನಿ ಬಾಗಲಕ್ಕ ಹೋಗಿ ಕೇಳಬಹುದು. ಇದು ಹೇಳಿದ್ದು ಸುಳ್ಳಾದ್ರ ಯಾರ ಕಿವಿ ಹಿಂಡೂದು? ಇದಕ್ಕ ಕಿವಿ ಎಲ್ಲಿ ಅದಾವ?”

ಆಪರೇಟರು ನಿಜವಾಗಿಯೂ ಯಂತ್ರದ ಎರಡೂ ಮಗ್ಗುಲು ನೋಡಿದರು!

ಈ ಪ್ರಶ್ನೆ ಕೇಳಿ ನನಗೆ ರೋಮಾಂಚನವಾಯಿತು. ಕಂಪ್ಯೂಟರಿನಿಂದ ಸಮಾಜಕ್ಕೆ ಒಳಿತೋ ಕೆಡುಕೋ ಎಂದು ದೊಡ್ಡ ದೊಡ್ಡವರು ಬರೆದದ್ದನ್ನು ಓದಿದ್ದೇನೆ. ಅದು ನೌಕರಿ ಕಸಿಯುತ್ತದೆಯೇ, ಮನುಷ್ಯನಂತೆ ಯೋಚಿಸುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಕೇಳಲಿ, ಒಳ್ಳೆಯ ಪ್ರಶ್ನೆಗಳೇ. ಆದರೆ ಈಚೆಗೆ ಯಾವುದೋ ಕಚೇರಿಯ ಕಿಟಕಿಯಲ್ಲಿ “ನಾವೇನ್ ಮಾಡೂಣರಿ, ಕಂಪ್ಯೂಟರ್ ಹಂಗ ತೋರಿಸ್ತೈತಿ” ಎಂಬ ಮಾತು ಕೇಳಿದಾಗ ನನ್ನ ಕೈ ತಾನಾಗಿ ಮೇಲೆದ್ದು ಒಂದು ಕಿವಿಗಾಗಿ ತಡಕಾಡಿತು. ಗುಮಾಸ್ತರು ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು.

ಅಂದು ಮಳಿಗೆಯಲ್ಲಿ ಉತ್ತರ ಕೊಟ್ಟವರೂ ನೀಲವ್ವನವರೇ. ಗಂಡನನ್ನು ಒಮ್ಮೆ, ಮಗನನ್ನು ಒಮ್ಮೆ ನೋಡಿದರು. ಕಾಗದಗಳನ್ನೆಲ್ಲ ಆಪರೇಟರ ಕೈಗೇ ತಿರುಗಿ ಕೊಟ್ಟರು.

“ಹಂಗಾರ ನಾ ಹೇಳ್ತೀನಿ, ಎಲ್ಲಾರೂ ಕೇಳ್ರಿ. ಈ ಹುಡುಗಿ ನನ್ನ ಸೊಸಿ. ನಾಳೆ ತಪ್ಪಾತಂದ್ರ, ಗಿರಿಜಾ, ನನ್ನ ಕಿವಿ ಹಿಂಡವಾ.”

ವೀರಭದ್ರಪ್ಪನವರು ಬೆವರೊರೆಸಿದ ವಸ್ತ್ರ ಮಡಚಿ ಹೆಗಲಿಗೆ ಹಾಕಿಕೊಂಡರು. ಬಸವರಾಜ ಮಿರ್ಚಿ ನುಂಗಿದ. ನಮ್ಮವ್ವ ಅಲ್ಲೇ ಬೀಗತಿಯ ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ಗಿರಿಜಾಳ ಮುಖ ನೀವು ನೋಡಬೇಕಿತ್ತು!

ಲಗ್ನವೇನೋ ಆಯಿತು. ಬಸವರಾಜ ಒಳ್ಳೆಯವನೇ, ಮರೆಗುಳಿ. ಉಪ್ಪು ತಾ ಎಂದರೆ ಬೆಲ್ಲ ತರುತ್ತಾನೆ, ಊಟಕ್ಕೆ ಬರುತ್ತೇನೆಂದು ಹೇಳಿ ಶಿರಹಟ್ಟಿಗೆ ಹೋಗಿಬಿಡುತ್ತಾನೆ. ಅಂಥ ದಿನ ಗಿರಿಜಾ ಏನೂ ಮಾತಾಡದೆ ಅತ್ತೆಯ ಮುಂದೆ ಹೋಗಿ ನಿಲ್ಲುತ್ತಾಳಂತೆ. ನೀಲವ್ವನವರು ಕಾಳು ಹಸನು ಮಾಡುವುದನ್ನು ಬಿಟ್ಟು, ತಲೆಯ ಸೆರಗು ಸರಿಸಿ, ಬುಗುಡಿ ಹಾಕಿದ ಕಿವಿಯನ್ನು ಸೊಸೆಯ ಕಡೆ ಬಗ್ಗಿಸುತ್ತಾರಂತೆ.

“ಖರೇನ ಹಿಂಡ್ತೀಯೇನಲೇ?” ಎಂದು ಮೊನ್ನೆ ತವರಿಗೆ ಬಂದಾಗ ಕೇಳಿದೆ.

“ಎಲ್ಲಿ ಹಿಂಡೂದಣ್ಣಾ,” ಎಂದು ನಕ್ಕಳು. “ಕಿವಿ ಅಷ್ಟು ಹತ್ತರ ಬಂದ ಮ್ಯಾಲ, ಹೇಳೂದೆಲ್ಲಾ ಅದರಾಗ ಹೇಳಿಬಿಡ್ತೀನಿ.”