ಒಡಪಿಗೆ ನಿಂತ ಓಟ

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಯಜಮಾನರಿಗೆ ಶುಗರ್ ವಿಪರೀತ ಏರಿತ್ತು. ದಿನಾ ಬೆಳಿಗ್ಗೆ ನಡೆಯಲೇಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹನುಮಂತನಗರದಲ್ಲಿ ನಮ್ಮದೊಂದು ಕಾಂಡಿಮೆಂಟ್ಸ್ ಅಂಗಡಿ ಇದೆ. ಇವರು ದಿನವಿಡೀ ಕೋಡುಬಳೆ, ಚಕ್ಕುಲಿ, ನಿಪ್ಪಟ್ಟುಗಳ ನಡುವೆ ಕೂರುವವರು. ರುಚಿ ನೋಡುವ ನೆಪದಲ್ಲಿ ಬಾಯಾಡಿಸುವುದು ಬೇರೆ. ವಾಕಿಂಗ್ ಹೋಗಿ ಎಂದರೆ "ನಾಳೆಯಿಂದ" ಎನ್ನುತ್ತಿದ್ದರು. ಆ ನಾಳೆ ಬರುವ ಲಕ್ಷಣವೇ ಕಾಣಲಿಲ್ಲ.

ಒಂದು ದಿನ ನನಗೆ ರೇಗಿಹೋಯಿತು. ಜಯನಗರದಲ್ಲಿ ಐದು ಕಿಲೋಮೀಟರ್ ಓಟ ನಡೆಯಲಿದೆ ಎಂದು ಮಗಳು ಹೇಳಿದ್ದು ನೆನಪಾಯಿತು.

"ರೀ, ನಾನು ಅದನ್ನ ಓಡ್ತೀನಿ. ಓಡಿದ್ರೆ ಮಾರನೇ ದಿನದಿಂದ ನೀವು ವಾಕಿಂಗ್ ಬರ್ಬೇಕು" ಎಂದೆ.

ಇವರು ನಕ್ಕರು. "ನೀನಾ? ಬಸ್ ಹಿಡಿಯೋಕೂ ಓಡಲ್ಲ ನೀನು. ಆಯ್ತು ಕಣೇ, ಎಲ್ಲೂ ನಿಲ್ಲದೆ ಓಡಿ ಮುಗಿಸು, ಬರ್ತೀನಿ. ನಿಲ್ಲಬಾರ್ದು ಅಷ್ಟೆ."

ನನಗೆ ಐವತ್ತು ಹತ್ತಿರ. ಆದರೆ ಎಣ್ಣೆ ಡಬ್ಬ ಎತ್ತಿ ಎತ್ತಿ ಗಟ್ಟಿಯಾದ ಮೈ ಇದು. ಇವರನ್ನು ಹಾಸಿಗೆಯಿಂದ ಎಬ್ಬಿಸಲು ಓಡಬೇಕು ಎಂದರೆ ಓಡಿಯೇ ತೀರುವುದು ಎಂದು ತೀರ್ಮಾನಿಸಿದೆ.

ಮನೆ ಹತ್ತಿರದ ಪಾರ್ಕಿನಲ್ಲಿ ಅಭ್ಯಾಸ ಶುರುವಾಯಿತು. "ಹಾಡು ಕೇಳ್ಕೊಂಡು ಓಡಮ್ಮ, ಸುಸ್ತು ಗೊತ್ತಾಗಲ್ಲ" ಎಂದು ಮಗಳು ಇಂಗ್ಲಿಷ್ ಹಾಡುಗಳನ್ನು ಹಾಕಿಕೊಟ್ಟಳು. ಅದರಲ್ಲಿ ಯಾರೋ ನನ್ನ ಮೇಲೆ ಕೂಗಾಡುತ್ತಿದ್ದಂತಿತ್ತು. ಅರ್ಧ ಸುತ್ತಿಗೇ ಏದುಸಿರು ಬಂತು. ಸಿನಿಮಾ ಹಾಡು ಹಾಕಿಸಿಕೊಂಡೆ. ಸಾಹಿತ್ಯ ಚೆನ್ನಾಗಿದ್ದ ಕಡೆಯಲ್ಲೆಲ್ಲ ಕಾಲು ನಿಧಾನವಾಯಿತು. ಭಕ್ತಿಗೀತೆ ಹಾಕಿದರೆ ಓಟ ಹೋಗಿ ಪ್ರದಕ್ಷಿಣೆಯೇ ಆಯಿತು. "ಹಾಡಿನ ಬೀಟು, ನಿನ್ನ ಹೆಜ್ಜೆ, ಎರಡೂ ಕೂಡ್ಬೇಕಮ್ಮ" ಎಂದು ಮಗಳು ಹೇಳುತ್ತಲೇ ಇದ್ದಳು. ಕೂಡುವ ಹಾಡು ಮಾತ್ರ ಸಿಗಲಿಲ್ಲ.

ಸಿಕ್ಕಿದ್ದು ಅಂಗಡಿಯಲ್ಲಿ. ನಮ್ಮಕ್ಕನ ಮಗನ ಮದುವೆಯಲ್ಲಿ ಗುಗ್ಗಳ ಹೊರಡಿಸಿದ್ದೆವು. ನಮ್ಮ ಕಡೆ ಮದುವೆಗಳಲ್ಲಿ ವೀರಭದ್ರನ ಹೆಸರಲ್ಲಿ ನಡೆಯುವ ಮೆರವಣಿಗೆ ಅದು. ಮುಂದೆ ವೀರಗಾಸೆಯವರು ಕುಣಿಯುತ್ತಾ ಹೋಗುತ್ತಾರೆ. ಅದನ್ನು ಇವರೇ ಉದ್ದಕ್ಕೂ ವಿಡಿಯೋ ಮಾಡಿದ್ದರು. ಅರ್ಧ ವಿಡಿಯೋದಲ್ಲಿ ಕಾಣುವುದು ಇವರ ಹೆಬ್ಬೆರಳೇ ಆದರೂ ಶಬ್ದ ಮಾತ್ರ ಸೊಗಸಾಗಿ ಬಂದಿತ್ತು. ಗಿರಾಕಿ ಇಲ್ಲದ ಹೊತ್ತಲ್ಲಿ ಇವರು ಅದನ್ನು ಹಾಕಿದಾಗ, ಕರಡೆ ವಾದ್ಯ ಏರುತ್ತಿದ್ದಂತೆ ಗಲ್ಲಾಪೆಟ್ಟಿಗೆಯ ಹಿಂದೆ ನನ್ನ ಕಾಲು ತಾನಾಗಿ ಕುಣಿಯತೊಡಗಿತು. ಮರುದಿನ ಬೆಳಿಗ್ಗೆ ಅದನ್ನೇ ಕಿವಿಗೆ ಹಾಕಿಕೊಂಡು ಹೊರಟೆ. ಪಾರ್ಕು ಸುತ್ತಿದ್ದೇ ಗೊತ್ತಾಗಲಿಲ್ಲ. ಅಷ್ಟು ಖುಷಿಯಾಯಿತು!

ಆದರೆ ಒಂದು ಫಜೀತಿ ಇತ್ತು. ಕುಣಿತದ ನಡುವೆ ವಾದ್ಯ ತಟ್ಟನೆ ನಿಲ್ಲುತ್ತದೆ. ವೀರಗಾಸೆಯವರು ಎತ್ತರದ ದನಿಯಲ್ಲಿ ವೀರಭದ್ರನ ಮಹಿಮೆ ಸಾರುವ ಒಡಪು ಹೇಳುತ್ತಾರೆ. ಆಗ ನಮ್ಮಲ್ಲಿ ಯಾರೂ ಅಲ್ಲಾಡುವುದಿಲ್ಲ, ಓಡಾಡುವ ಮಕ್ಕಳನ್ನೂ ಕೈಹಿಡಿದು ನಿಲ್ಲಿಸುತ್ತೇವೆ. ಒಡಪು ಮುಗಿದಾಗ ಎಲ್ಲರೂ ಒಟ್ಟಿಗೆ "ಹರ ಹರ ಮಹಾದೇವ" ಎನ್ನಬೇಕು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಪಾರ್ಕಿನಲ್ಲೂ ಒಡಪು ಶುರುವಾದರೆ ನನ್ನ ಕಾಲು ಹೂತಂತೆ ನಿಂತುಬಿಡುತ್ತಿತ್ತು. ನಿಂತರೆ ಇವರ ಷರತ್ತು ಮುರಿದಂತೆ. ಮಗಳು ಒಡಪು ತೆಗೆದು ಬರೀ ವಾದ್ಯ ಉಳಿಸಿ ಇನ್ನೊಂದು ಮಾಡಿಕೊಟ್ಟಳು. ಮನಸ್ಸಿಗೆ ಅಷ್ಟು ಸರಿಬರದಿದ್ದರೂ ಅದರಲ್ಲೇ ಅಭ್ಯಾಸ ಮುಗಿಸಿದೆ.

ಓಟದ ದಿನ ಬಂತು. ಎದೆಗೆ ನಂಬರು ಚುಚ್ಚಿಕೊಳ್ಳುವ ಗಡಿಬಿಡಿಯಲ್ಲಿ ಫೋನಿನಲ್ಲಿ ಯಾವುದನ್ನು ಒತ್ತಿದೆನೋ ನೋಡಲಿಲ್ಲ. ಓಟವೇನೋ ಭರ್ಜರಿಯಾಗಿ ಸಾಗಿತು. ನನ್ನ ವಯಸ್ಸಿನವರನ್ನು ಬಿಡಿ, ಹುಡುಗಿಯರನ್ನೂ ಹಿಂದೆ ಹಾಕಿದೆ. ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದಿತ್ತು. ಆಗ ಕಿವಿಯಲ್ಲಿ ವಾದ್ಯ ನಿಂತಿತು. ಒಡಪು ಶುರುವಾಯಿತು.

ನಡುರಸ್ತೆಯಲ್ಲಿ ನಿಂತುಬಿಟ್ಟೆ. ಕೈಗಳು ತಾವಾಗಿ ಎದೆಯ ಮೇಲೆ ಜೋಡಿಕೊಂಡವು, ಕಣ್ಣು ಮುಚ್ಚಿತು. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆಯುವುದನ್ನು ಹೇಗೋ ತಪ್ಪಿಸಿಕೊಂಡರು. ಟೀ ಶರ್ಟಿನ ಸ್ವಯಂಸೇವಕಿಯೊಬ್ಬಳು ಓಡಿಬಂದಳು.

"ಆಂಟಿ, ಏನಾಯ್ತು? ಎದೆ ನೋವಾ?"

ಒಡಪಿನ ನಡುವೆ ಮಾತಾಡುವುದುಂಟೇ? ಸುಮ್ಮನಿರು ಎಂದು ಕೈ ಸನ್ನೆ ಮಾಡಿದೆ. ಅವಳಿಗೆ ಇನ್ನೂ ಗಾಬರಿಯಾಯಿತು. "ಮಾತಾಡೋಕೆ ಆಗ್ತಿಲ್ಲ ಇವ್ರಿಗೆ! ಆಂಬುಲೆನ್ಸ್ ಕರೀರಿ!" ಎಂದು ಕೂಗಿಕೊಂಡಳು. ಅಷ್ಟರಲ್ಲಿ ಒಡಪು ಮುಗಿಯಿತು.

"ಹರ ಹರ ಮಹಾದೇವ!"

ಕಿವಿಯಲ್ಲಿ ಇಯರ್‌ಫೋನ್ ಇದ್ದುದರಿಂದ ಎಷ್ಟು ಜೋರಾಗಿ ಕೂಗಿದೆನೋ ನನಗೇ ತಿಳಿಯದು. ಪಾಪ, ಆ ಹುಡುಗಿ ಹಾರಿ ಹಿಂದೆ ಬಿದ್ದಳು. "ಏನಿಲ್ಲ ಕಣಮ್ಮ, ಬರ್ತೀನಿ" ಎಂದು ಹೇಳಿ ಓಡತೊಡಗಿದೆ. ಹಿಂದೆ ನಗು ಕೇಳಿಸಿತು, ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಮುಖವೆಲ್ಲ ಬಿಸಿಯಾಗಿ, ನಾಚಿಕೆಯಿಂದಲೇ ಉಳಿದ ದಾರಿಯನ್ನು ಎಂದೂ ಓಡದಷ್ಟು ಜೋರಾಗಿ ಓಡಿ ಮುಗಿಸಿದೆ.

ಕೊರಳಿಗೆ ಪದಕ ಬಿತ್ತು. ಮನಸ್ಸು ಮಾತ್ರ ಪೆಚ್ಚಾಯಿತು. ಗುರಿಯ ಬಳಿ ಕಾಯುತ್ತಿದ್ದ ಮಗಳು ವಿಷಯ ಕೇಳಿ "ನಿಂತಿದ್ದು ಹೇಳ್ಬೇಡ ಬಿಡಮ್ಮ, ಅಪ್ಪ ನೋಡಿದ್ರಾ?" ಎಂದಳು. ನನಗೆ ಅದು ಹಿಡಿಸಲಿಲ್ಲ. ಸುಳ್ಳು ಹೇಳಿ ಎಬ್ಬಿಸಿದರೆ ಮನುಷ್ಯ ಎಷ್ಟು ದಿನ ಬಂದಾನು? ಸೀದಾ ಅಂಗಡಿಗೆ ಹೋದೆ.

"ಮುಗಿಸಿದೆ. ಆದ್ರೆ ಒಂದು ಸಲ ನಿಂತೆ ರೀ" ಎಂದೆ.

ಇವರ ಮುಖ ಅರಳಿತು. "ನಾನು ಹೇಳ್ಲಿಲ್ವಾ? ಸುಸ್ತಾಯ್ತಾ?"

"ಸುಸ್ತೂ ಇಲ್ಲ ಏನೂ ಇಲ್ಲ. ಒಡಪು ಬಂತು."

ನಡೆದದ್ದನ್ನೆಲ್ಲ ಹೇಳಿದೆ. ಇವರು ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಕೈಯಲ್ಲಿದ್ದ ನಿಪ್ಪಟ್ಟನ್ನು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರು.

"ಒಡಪು ಹೇಳೋವಾಗ ಯಾರಾದ್ರೂ ಓಡ್ತಾರೇನೇ? ಓಡಿದ್ರೆ ನಾನು ಒಪ್ತಾನೇ ಇರ್ಲಿಲ್ಲ. ಅದು ನಿಂತ ಲೆಕ್ಕ ಅಲ್ಲ" ಎಂದರು. ಆಮೇಲೆ "ಬೆಳಿಗ್ಗೆ ಎಷ್ಟೊತ್ತಿಗೆ ಏಳ್ಬೇಕು?" ಎಂದು ಕೇಳಿದರು.

"ಐದೂವರೆಗೆ" ಎಂದೆ. ಪದಕ ಹಾಕಿದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಈಗ ದಿನಾ ಪಾರ್ಕಿನಲ್ಲಿ ಇವರು ನಡೆಯುತ್ತಾರೆ, ನಾನು ಓಡುತ್ತೇನೆ. ಓಡುವುದಕ್ಕೆ ಯಾವ ಹಾಡು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ನಿಮ್ಮ ಕಾಲಿಗೆ ಮೊದಲೇ ಗೊತ್ತಿರುವ ಹಾಡು ಎಂದು ಧೈರ್ಯವಾಗಿ ಹೇಳುತ್ತೇನೆ. ಒಡಪು ಕತ್ತರಿಸಿದ್ದನ್ನು ಅಳಿಸಿಹಾಕಿ ಪೂರ್ತಿಯದನ್ನೇ ಇಟ್ಟುಕೊಂಡಿದ್ದೇನೆ. ಒಡಪು ಬಂದಾಗ ನಿಂತು ಹಿಂದಿರುಗಿ ನೋಡುತ್ತೇನೆ. ಇವರು ನಿಧಾನವಾಗಿ ಕೈಬೀಸಿಕೊಂಡು ಬರುತ್ತಿರುತ್ತಾರೆ. ಒಡಪು ಮುಗಿಯುವುದರೊಳಗೆ ನನ್ನ ಪಕ್ಕ ಬಂದು ನಿಂತಿರುತ್ತಾರೆ.